ಡಾಂಬರು ಡ್ರಮ್ಮಿನ ಹಂಚು

ಹಸಿದವರಿಗೆ ಅನ್ನ ಹಾಕಲು ಬಂದವರು ಮೊದಲು ತಮ್ಮ ತಲೆಯ ಮೇಲೆ ಚಪ್ಪರ ಹಾಕಿಸಿಕೊಂಡರು. ಎಪ್ಪತ್ಮೂರರ ಏಪ್ರಿಲ್ ತಿಂಗಳು. ಔರಂಗಾಬಾದಿನಿಂದ ಖುಲ್ತಾಬಾದಿಗೆ ಹೋಗುವ ರಸ್ತೆಯ ಬದಿಯಲ್ಲಿ ಸರಕಾರದ ಬರಗಾಲದ ಕಾಮಗಾರಿ ನಡೆದಿತ್ತು. ಬಂಡೆ ಒಡೆದು ಖಡಿ ಮಾಡುವ ಕೆಲಸ. ನೂರ ನಲವತ್ತು ಜನ ಆರು ತಿಂಗಳಿನಿಂದ ಬಟಾಬಯಲಿನಲ್ಲಿ ಕೂತು ಕಲ್ಲು ಕುಟ್ಟಿದ್ದರು. ಅವರ ತಲೆಯ ಮೇಲೆ ಒಂದು ಹರಕು ಗೋಣಿಯೂ ಇರಲಿಲ್ಲ. ಸೇವೆ ಮಾಡುವವರ ತಲೆ ಬೇರೆ ಜಾತಿಯದು. ಅದಕ್ಕೆ ಬಿಸಿಲು ತಾಗಬಾರದು.

ಚಪ್ಪರದ ಕಂಬಕ್ಕೆ ಕುಣಿ ತೋಡಿದವಳು ಸಂಗಮ್ಮ. ಇವರನ್ನು ಕರೆದು ತಂದವಳೂ ಅವಳೇ. ಅದನ್ನು ನೆನೆದಾಗಲೆಲ್ಲ ತನ್ನ ನಾಲಿಗೆಯನ್ನೇ ಕಲ್ಲಿನ ಮೇಲಿಟ್ಟು ಜಜ್ಜಬೇಕು ಅನಿಸುತ್ತಿತ್ತು ಅವಳಿಗೆ.

ಸಂಗಮ್ಮನಿಗೆ ಹತ್ತೊಂಬತ್ತು ವರ್ಷ. ಬೀದರ ಜಿಲ್ಲೆಯ ಔರಾದ ಕಡೆಯವಳು. ಊರಲ್ಲಿ ಐದನೇ ಇಯತ್ತೆಯವರೆಗೆ ಓದಿದ್ದಳು, ಅದೂ ಶಾಲೆಯ ಬಾಗಿಲ ಹೊರಗೆ ಕೂತು. ಅವ್ವ ನಾಗಮ್ಮನ ಜೊತೆ ಕೂಲಿ ಹುಡುಕುತ್ತ ಇಲ್ಲಿಯವರೆಗೆ ಬಂದಿದ್ದಳು. ಹಳೆ ಟೈರಿನ ಬಳೆಯೊಳಗೆ ಕಲ್ಲು ಹಿಡಿದಿಡಬೇಕು, ಸುತ್ತಿಗೆ ಎತ್ತಬೇಕು, ಹಾಕಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಷ್ಟೇ. ಕಲ್ಲಿನ ಚೂರು ಮುಖಕ್ಕೆ ಹಾರುತ್ತದೆ, ಮೊಣಕಾಲಿಗೆ ಹಾರುತ್ತದೆ. ಸಂಜೆ ಉಗುಳಿದರೆ ಉಗುಳು ಬೂದು ಬಣ್ಣ. ಕೈ ಬಿಚ್ಚಲು ಬರುವುದಿಲ್ಲ, ಊಟಕ್ಕೆ ಕೂತಾಗ ಒಂದು ಕೈಯಿಂದ ಇನ್ನೊಂದು ಕೈಯ ಬೆರಳುಗಳನ್ನು ಬಿಡಿಸಿಕೊಳ್ಳಬೇಕು.

ಜನವರಿಯಲ್ಲಿ ನಾಗಮ್ಮನ ಎಡಗೈಯ ತೋರುಬೆರಳು ಸುತ್ತಿಗೆಯ ಕೆಳಗೆ ಸಿಕ್ಕಿತು. ಕಾಂಪೌಂಡರ್ ಬಂದು ಬೆರಳಿನಲ್ಲಿ ಉಳಿದದ್ದನ್ನು ಕತ್ತರಿಸಿ ಪಟ್ಟಿ ಕಟ್ಟಿದ. ಸುತ್ತಿಗೆಯ ಕೆಳಗೆ ಬೆರಳು ಯಾಕೆ ಇಟ್ಟೆ ಎಂದು ಕೂಲಿಗಳ ಮೇಸ್ತ್ರಿ ಮುಕಾದಮ ಕೇಳಿದ. ಅವನಿಗೆ ಅದು ದೊಡ್ಡ ಬುದ್ಧಿವಂತಿಕೆಯ ಪ್ರಶ್ನೆ. ಕೆಲಸ ಮಾಡದವರಿಗೆ ಕೂಪನ್ ಇಲ್ಲ, ಕೂಪನ್ ಇಲ್ಲದವರಿಗೆ ಕಾಳು ಇಲ್ಲ. ಕೈ ಕಳೆದುಕೊಂಡವರು, ಮುದುಕರು, ಹಸಿ ಬಾಣಂತಿಯರು ಎಲ್ಲರೂ ಈ ಒಂದು ಮಾತಿನಲ್ಲಿ ಸಾಯಬಹುದಿತ್ತು.

ಆಗ ಒಲೆ ಹೂಡಿದವರು ಕಲ್ಲು ಒಡೆಯುವ ಹುಡುಗ ಹುಡುಗಿಯರೇ. ಸಿಲ್ಲೋಡ್ ಕಡೆಯ ಹರಿದಾಸ ಅದರಲ್ಲಿ ಮುಂದಾಳು. ಲೋಹಾರರ, ಎಂದರೆ ಕಮ್ಮಾರರ ಮಗ, ಇಪ್ಪತ್ತೆರಡರ ಪ್ರಾಯ. ಕಲ್ಲಿನ ಚೂರು ಹಾರಿ ಅವನ ಎಡಗಣ್ಣು ಹೋಗಿತ್ತು. ಸಂಗಮ್ಮ, ಅವನು, ಇನ್ನೂ ಐದಾರು ಜನ ಸೇರಿ ದಿನಾ ಸಂಜೆ ಗುಡಿಸಲು ಗುಡಿಸಲಿಗೆ ತಿರುಗಿದರು. ಮನೆಗೊಂದು ಹಿಡಿ ಹಿಟ್ಟು ಕೇಳಿದರು. ಯಾರೂ ಇಲ್ಲ ಅನ್ನಲಿಲ್ಲ. ನಾಳೆ ತಮ್ಮ ಬೆರಳೂ ಸುತ್ತಿಗೆಯ ಕೆಳಗೆ ಬೀಳಬಹುದು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ರಸ್ತೆಯವರು ಬಿಸಾಡಿದ ಡಾಂಬರಿನ ಡ್ರಮ್ಮಿನ ಮುಚ್ಚಳವನ್ನು ಹರಿದಾಸ ಬಡಿದು ಬಡಿದು ಹಂಚು ಮಾಡಿದ. ಅದರ ವಾಸನೆ ಹೋಗಲು ಮೂರು ದಿನ ಬೆಂಕಿಯಲ್ಲಿಟ್ಟು ಖಡಿಯ ಪುಡಿಯಿಂದ ಉಜ್ಜಬೇಕಾಯಿತು. ನಾಲ್ಕನೆಯ ದಿನ ನಾಗಮ್ಮ ಒಂಬತ್ತು ಬೆರಳುಗಳಲ್ಲಿ ರೊಟ್ಟಿ ಬಡಿಯಲು ಕೂತಳು.

ಕೂಪನ್ನಿಗೆ ಸಿಗುತ್ತಿದ್ದದ್ದು ಹಡಗಿನಲ್ಲಿ ಬಂದ ಕೆಂಪು ಜೋಳ. ಜನ ಅದನ್ನು ಮಿಲೋ ಎನ್ನುತ್ತಿದ್ದರು. ಬೇರೆ ದೇಶದಲ್ಲಿ ಅದನ್ನು ಹಂದಿಗೆ ಹಾಕುತ್ತಾರೆ ಎಂದು ನೀರು ತರುವ ಟ್ಯಾಂಕರಿನ ಡ್ರೈವರ್ ಹೇಳಿ ನಕ್ಕಿದ್ದ. ಆ ಹಿಟ್ಟಿಗೆ ಜಿಗಿ ಇಲ್ಲ. ತಟ್ಟಿದರೆ ಒಡೆಯುತ್ತದೆ. ನಾಗಮ್ಮ ಒಂದು ಪಾಲು ಹಿಟ್ಟನ್ನು ಕುದಿಯುವ ಎಸರಿನಲ್ಲಿ ಗಂಜಿ ಕಾಯಿಸಿ ಉಳಿದ ಹಿಟ್ಟಿಗೆ ಬೆರೆಸಿ ನಾದುತ್ತಿದ್ದಳು. ರೊಟ್ಟಿ ಇಡಿಯಾಗಿ ಬರುತ್ತಿತ್ತು. ನಲವತ್ತು ಜನ ಆ ಒಲೆಯ ಮುಂದೆ ಕೂತು ಉಂಡರು. ಮೊದಲ ರೊಟ್ಟಿ ಹಾಲೂಡುವ ಬಾಣಂತಿಗೆ ಅನ್ನುವುದು ನಾಗಮ್ಮ ಮಾಡಿದ ಕಟ್ಟಳೆ. ಆ ದಿನಗಳಲ್ಲಿ ಅದು ಕಾಶಿಬಾಯಿಗೆ ಸಿಗುತ್ತಿತ್ತು. ಕಾಶಿಬಾಯಿ ಮರಾಠರವಳು, ಕಾಮಗಾರಿಯ ಮೇಲೆಯೇ ಹೆತ್ತವಳು.

ನಾಗಮ್ಮನ ಜಾತಿ ಯಾರಿಗೂ ತಿಳಿದಿರಲಿಲ್ಲ ಎಂದಲ್ಲ. ಎಲ್ಲರಿಗೂ ತಿಳಿದಿತ್ತು. ಮೊದಲ ನಾಲ್ಕು ದಿನ ಕೆಲವರು ಬೆನ್ನು ತಿರುಗಿಸಿ ಕೂತು ತಿಂದರು. ಐದನೆಯ ದಿನ ಬೆನ್ನು ತಿರುಗಿಸುವ ಶಕ್ತಿಯೂ ಉಳಿದಿರಲಿಲ್ಲ. ಆರನೆಯ ದಿನದಿಂದ ಯಾರಿಗೂ ಅದು ನೆನಪಾಗಲಿಲ್ಲ. ಸಾವಿರ ವರ್ಷದ ಹೊಲಸನ್ನು ಹಸಿವು ಒಂದು ವಾರದಲ್ಲಿ ತೊಳೆದುಬಿಟ್ಟಿತ್ತು. ಇದನ್ನು ಯಾವ ಪೇಪರಿನವರೂ ಬಂದು ಬರೆದುಕೊಳ್ಳಲಿಲ್ಲ.

ಮಾರ್ಚಿನಲ್ಲಿ ಹಿಟ್ಟು ಕಡಿಮೆಯಾಯಿತು. ಹಿಡಿ ಕೊಡುವವರ ಹಿಡಿಯೇ ಸಣ್ಣದಾಯಿತು. ಅದೇ ಹೊತ್ತಿಗೆ ಒಂದು ಮಧ್ಯಾಹ್ನ ಎಲ್ಲೋರದ ಗುಹೆ ನೋಡಿ ಬರುತ್ತಿದ್ದ ಜೀಪು ಟ್ಯಾಂಕರಿನ ಹತ್ತಿರ ನಿಂತಿತು. ಅದರಿಂದ ಇಳಿದ ಒಬ್ಬ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, "ಎಂತ ಬಿಸಿಲು ಮಾರಾಯ" ಅಂದ.

ಕನ್ನಡ. ಆರು ತಿಂಗಳಲ್ಲಿ ಅವ್ವನ ಬಾಯಿಯಿಂದ ಬಿಟ್ಟರೆ ಸಂಗಮ್ಮನ ಕಿವಿಗೆ ಬಿದ್ದ ಮೊದಲ ಕನ್ನಡ. ತಮ್ಮ ಸೀಮೆಯ ಮಾತಲ್ಲ, ಆದರೂ ಕನ್ನಡ. ತಲೆಯ ಮೇಲಿನ ಕಲ್ಲುಪುಡಿಯನ್ನೂ ಕೊಡವದೆ ಓಡಿದಳು. ಅವರು ನಾಶಿಕದ ಒಂದು ಕನ್ನಡ ಸೇವಾ ಸಂಘದ ತರುಣರು. ಹೋಟೆಲು ಮಾಲೀಕರ, ಅಂಗಡಿಕಾರರ ಮಕ್ಕಳು. ಮುಂದೆ ನಿಂತವನ ಹೆಸರು ರತ್ನಾಕರ. ಉಡುಪಿ ಕಡೆಯಿಂದ ಬಂದು ನಾಶಿಕದಲ್ಲಿ ಊಟದ ಹೋಟೆಲು ನಡೆಸುವವರ ಮಗ. ಬರಗಾಲದಲ್ಲಿ ಏನಾದರೂ ಮಾಡಬೇಕು ಎಂಬ ತುಡಿತ ಅವನಿಗೆ. ಗುಹೆಗಳನ್ನು ನೋಡಿ ಮುಗಿದ ಮೇಲೆ ಅದು ಇನ್ನೂ ಜೋರಾಗಿತ್ತು.

ಸಂಗಮ್ಮ ಎಲ್ಲವನ್ನೂ ಹೇಳಿದಳು. ಒಲೆ ತೋರಿಸಿದಳು, ಅವ್ವನನ್ನು ತೋರಿಸಿದಳು. ವಾರಕ್ಕೊಂದು ಚೀಲ ಜೋಳ ಮತ್ತು ಇನ್ನೊಂದು ಬೀಸುಕಲ್ಲು ಸಿಕ್ಕರೆ ಸಾಕು, ಉಳಿದದ್ದನ್ನು ನಾವೇ ಮಾಡಿಕೊಳ್ಳುತ್ತೇವೆ ಅಂದಳು. ರತ್ನಾಕರನ ಕಣ್ಣು ತುಂಬಿತು. ಅವನ ಕಣ್ಣು ಬೇಗ ತುಂಬುತ್ತಿತ್ತು. ಅವರು ಹೋದ ಮೇಲೆ ಹರಿದಾಸ, ಯಾರು ಅವರು ಎಂದು ಕೇಳಿದ. ನಮ್ಮವರು ಅಂದಳು ಸಂಗಮ್ಮ. ಅವನು ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿ, ಜೀಪಿನಲ್ಲಿ ಬರುವವರು ಯಾರಿಗೂ ನಮ್ಮವರಲ್ಲ ಅಂದ. ಸಂಗಮ್ಮನಿಗೆ ಸಿಟ್ಟು ಬಂತು. ಇವನಿಗೇನು ಗೊತ್ತು, ನಮ್ಮ ಭಾಷೆ ತಿಳಿಯದವನು ಅಂದುಕೊಂಡಳು.

ಹತ್ತು ದಿನಕ್ಕೆ ಅವರು ನಿಜವಾಗಿಯೂ ಬಂದರು. ಒಂಬತ್ತು ಜನ. ಎದೆಯ ಮೇಲೆ ಬಿಲ್ಲೆ, ಕೈಯಲ್ಲಿ ಥರ್ಮಾಸು. ಹನ್ನೆರಡು ಚೀಲ ಜೋಳದ ಹಿಟ್ಟು ಬಂತು, ಕೆಂಪಲ್ಲ, ಬಿಳಿ ಜೋಳ. ಹೋಟೆಲಿನಿಂದ ದಪ್ಪನೆಯ ದೋಸೆ ಕಾವಲಿ ಬಂತು. ಕ್ಯಾಮೆರಾ ಬಂತು. ಔರಂಗಾಬಾದಿನಿಂದ ಕಸ್ತೂರಿಬಾಯಿ ಎಂಬ ಹೆಂಗಸೂ ಬಂದಳು. ಅವಳ ಗಂಡನದು ಬಟ್ಟೆ ಅಂಗಡಿ, ಮೂಲ ಭಾಲ್ಕಿಯವರು. ಬೀದರ ಸೀಮೆಯ ಮಾತು ಆಡುವವರು ಇದ್ದರೆ ಅನುಕೂಲ ಎಂದು ರತ್ನಾಕರ ಕರೆದು ತಂದಿದ್ದ.

ಕಸ್ತೂರಿಬಾಯಿ ಕೆಟ್ಟ ಹೆಂಗಸಲ್ಲ. ಅದೇ ತೊಂದರೆ. ಅವಳು ಸಂಗಮ್ಮನನ್ನು ಹತ್ತಿರ ಕರೆದು, ಯಾವ ಊರು, ಯಾರ ಹೊಲದಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದೆಲ್ಲ ವಿಚಾರಿಸಿದಳು. ಆ ಊರಿಗೆ ತನ್ನ ನಾದಿನಿಯನ್ನು ಕೊಟ್ಟಿದೆ ಅಂದಳು. ಸಂಗಮ್ಮನಿಗೆ ತವರಿನವರು ಸಿಕ್ಕಷ್ಟು ಸಂತೋಷ.

"ಊರಾಗ ನಿಮ್ಮ ಮನಿ ಎಲ್ಲಿ ಬರ್ತದ? ಹಣಮಪ್ಪನ ಗುಡಿ ಈಕಡೀನೋ, ಆಕಡೀನೋ?"

"ಆಕಡೀರಿ. ಹಳ್ಳದ ದಂಡಿಗೆ."

ಅಷ್ಟೇ. ಕಸ್ತೂರಿಬಾಯಿ ಮುಂದೆ ಕೇಳಲಿಲ್ಲ. ಮುಖ ಗಂಟಿಕ್ಕಲಿಲ್ಲ, ಬೈಯಲಿಲ್ಲ. ಸೆರಗನ್ನು ಮಾತ್ರ ಎಳೆದು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡಳು. ಸಂಗಮ್ಮ ಅದನ್ನು ನೋಡಿದಳು. ಆರು ತಿಂಗಳು ಮರಾಠಿ ಜನರ ನಡುವೆ ಯಾರೂ ಬಾಯಿ ಬಿಟ್ಟು ಕೇಳದ ಪ್ರಶ್ನೆ. ಅದನ್ನು ಕೇಳಲು ತನ್ನ ಸೀಮೆಯ ಕನ್ನಡವೇ ಬರಬೇಕಾಯಿತು.

ಆಮೇಲೆ ಕಸ್ತೂರಿಬಾಯಿ ರತ್ನಾಕರನ ಜೊತೆ ಚಪ್ಪರದ ಮೂಲೆಯಲ್ಲಿ ಮಾತಾಡಿದಳು. ರತ್ನಾಕರ ತಲೆ ಕೆರೆದುಕೊಂಡ. ಅವನು ಜಾತಿ ನಂಬದವನು. ಕಾಲೇಜಿನಲ್ಲಿ ಅದರ ಮೇಲೆ ಭಾಷಣ ಮಾಡಿ ಕಪ್ಪು ಗೆದ್ದವನು. ಹಾಗಾಗಿ ಅವನು ಹೊಲೆಯರು ಎಂಬ ಮಾತನ್ನೇ ಆಡಲಿಲ್ಲ. ಕೂಲಿಗಳನ್ನೆಲ್ಲ ಕರೆದು ಒಳ್ಳೆಯ ಮರಾಠಿಯಲ್ಲಿ, ಎಲ್ಲರ ಭಾವನೆಗೂ ಸಂಘ ಬೆಲೆ ಕೊಡುತ್ತದೆ ಎಂದ. ಯಾರಿಗಾದರೂ ಈ ಒಲೆಯಲ್ಲಿ ಉಣ್ಣಲು ಅಡ್ಡಿ ಇದ್ದರೆ ಸಂಕೋಚ ಬೇಡ, ಕಸ್ತೂರಿಬಾಯಿ ಚಪ್ಪರದಲ್ಲಿ ಬೇರೆ ರೊಟ್ಟಿ ಮಾಡುತ್ತಾರೆ, ಯಾರಿಗೂ ಬಲವಂತವಿಲ್ಲ ಎಂದ. ಯಾರಿಗೂ ಅಡ್ಡಿ ಇರಲಿಲ್ಲ. ಅಡ್ಡಿ ಇರಬಹುದು ಎಂದು ಅವನು ನೆನಪು ಮಾಡಿಕೊಟ್ಟ.

ಮೊದಲ ದಿನ ಚಪ್ಪರದ ಸಾಲಿನಲ್ಲಿ ಹದಿನೈದು ಜನ. ಎರಡನೆಯ ದಿನ ಎಪ್ಪತ್ತು. ಆ ಸಾಲಿಗೆ ಹೋಗದವರನ್ನು ಹೋದವರು ಓರೆಗಣ್ಣಿನಲ್ಲಿ ನೋಡತೊಡಗಿದ ಮೇಲೆ ಉಳಿದವರಿಗೂ ನಾಚಿಕೆಯಾಯಿತು. ಮೂರನೆಯ ದಿನ ಕಾಶಿಬಾಯಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಾಗಮ್ಮನ ಒಲೆಯ ಮುಂದಿನಿಂದಲೇ ಚಪ್ಪರಕ್ಕೆ ಹೋದಳು. ತಲೆ ಎತ್ತಲಿಲ್ಲ. ನಾಗಮ್ಮ ತೆಗೆದಿಟ್ಟಿದ್ದ ಮೊದಲ ರೊಟ್ಟಿ ಹಾಗೆಯೇ ಒಣಗಿತು.

ಬಡವರ ಬಗ್ಗೆ ಹಾಡು ಕಟ್ಟುವವರು ಇದನ್ನು ನೋಡಬೇಕಿತ್ತು. ಸಂಗಮ್ಮನಿಗೆ ಸಂಘದವರಿಗಿಂತ ಈ ಜನರ ಮೇಲೆಯೇ ಹೆಚ್ಚು ಹೇಸಿಗೆ ಬಂತು. ಮೂರು ತಿಂಗಳು ಅವ್ವನ ಕೈಯ ರೊಟ್ಟಿ ತಿಂದ ಬಾಯಿಗಳು. ಬಿಳಿ ಜೋಳ ಕಂಡ ಕೂಡಲೇ ಅವಕ್ಕೆ ಜಾತಿ ಬಂತು.

ಎರಡು ಒಲೆಗಳಿಗೆ ಕಟ್ಟಿಗೆ ಸಾಲದು ಎಂದು ಸಂಘದವರು ಐದನೆಯ ದಿನ ನಾಗಮ್ಮನ ಒಲೆ ಕಿತ್ತರು. ಮನೆ ಮನೆಯ ಹಿಡಿ ಹಿಟ್ಟು ನಿಂತಿತು. ರತ್ನಾಕರ ಇದನ್ನೂ ಮೆತ್ತಗೆಯೇ ಹೇಳಿದ. ಅಮ್ಮ ಇಷ್ಟು ದಿನ ದುಡಿದಿದ್ದಾರೆ, ಇನ್ನು ಅವರು ಕೂತು ಉಣ್ಣಲಿ, ಸಾಲಿನ ಕೊನೆಯಲ್ಲಿ ಅವರಿಗೆ ಜಾಗ ಇಟ್ಟಿದ್ದೇವೆ ಎಂದ. ಸಾಲಿನ ಕೊನೆ ಎಂದರೆ ಚಪ್ಪರದ ಆಚೆ, ಬಿಸಿಲಿನಲ್ಲಿ. ಅಲ್ಲಿ ತಗಡಿನ ತಟ್ಟೆಗೆ ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದರು.

ನಾಗಮ್ಮ ಆ ತಟ್ಟೆ ಮುಟ್ಟಲಿಲ್ಲ. ಕಲ್ಲು ಒಡೆಯಲು ಬಾರದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ನಲವತ್ತು ಮಂದಿಗಿ ಉಣಿಸೀನಿ ನಾ," ಅಂದಳು ಮಗಳಿಗೆ. "ಈಗ ನಾ ಭಿಕ್ಷಾ ತಿನಬೇಕಾ? ತಿನ್ನಂಗಿಲ್ಲ." ಎರಡು ದಿನ ನೀರು ಕುಡಿದೇ ಕಳೆದಳು. ಸಂಗಮ್ಮ ತನ್ನ ಪಾಲಿನದನ್ನು ತಂದಿಟ್ಟರೆ ಅದು ಯಾರ ಹಂಚಿನದು ಎಂದು ಕೇಳಿ ಪಕ್ಕಕ್ಕೆ ಸರಿಸಿದಳು. ಆ ಹಟ ಹೀಗೇ ನಡೆದರೆ ಅವ್ವ ಉಳಿಯುವುದಿಲ್ಲ ಎಂದು ಮಗಳಿಗೆ ತಿಳಿಯಿತು.

ಆ ಡಾಂಬರಿನ ಹಂಚು ಎಲ್ಲಿ ಹೋಯಿತು ಎಂದು ಸಂಗಮ್ಮ ಹುಡುಕಿದಳು. ಅದು ಚಪ್ಪರದ ಮುಂದಿನ ಕಂಬದ ಮೇಲಿತ್ತು. ಗುಂಡಗೆ ಚೆನ್ನಾಗಿದೆ ಎಂದು ಸಂಘದವರು ಅದಕ್ಕೆ ಬಿಳಿ ಬಣ್ಣ ಬಳಿದು, ಅಂಚಿಗೆ ಕೆಂಪು ಗೆರೆ ಎಳೆದು, ನಡುವೆ ಕನ್ನಡ ಮತ್ತು ಮರಾಠಿಯಲ್ಲಿ ಸಂಘದ ಹೆಸರು ಬರೆಸಿದ್ದರು. ಕೆಳಗೆ "ಅನ್ನದಾತಾ ಸುಖೀಭವ" ಅಂತ. ರತ್ನಾಕರನ ಸೀಮೆಯಲ್ಲಿ ಹೊಟ್ಟೆ ತುಂಬ ಉಂಡವರು ಏಳುವ ಮುಂಚೆ ಬಡಿಸಿದವರನ್ನು ಹರಸುವ ಮಾತು ಅದು. ಇಲ್ಲಿ ಅದನ್ನು ಉಣ್ಣುವ ಮುಂಚೆಯೇ ಹೇಳಿಸುತ್ತಿದ್ದರು. ಹೇಳಿದ ಮೇಲೆಯೇ ರೊಟ್ಟಿ.

ಭಾನುವಾರ ನಾಶಿಕದಿಂದ ಸಂಘದ ಅಧ್ಯಕ್ಷರು ಬರುವವರಿದ್ದರು. ರತ್ನಾಕರ ಸಂಗಮ್ಮನನ್ನು ಕರೆದು ಒಂದು ಹಾಳೆ ಕೊಟ್ಟ. ಧನ್ಯವಾದದ ಮಾತು, ಅವನೇ ಬರೆದದ್ದು. ಇಂಥ ಬೆಂಗಾಡಿನಲ್ಲೂ ಒಂದು ಹುಡುಗಿ ಕನ್ನಡ ಓದುವುದನ್ನು ಕೇಳಿದರೆ ಅಧ್ಯಕ್ಷರಿಗೆ ಎಷ್ಟು ಸಂತೋಷವಾಗಬಹುದು ಎಂದ.

"ನಮ್ಮ ಅವ್ವಗ ಆಕಿ ಒಲಿ ಕೊಡ್ರಿ," ಅಂದಳು ಸಂಗಮ್ಮ. "ನೀವು ಹೇಳಿದ್ದೆಲ್ಲ ಓದ್ತೀನಿ."

ಅವನು ನೊಂದ ಮುಖ ಮಾಡಿದ. "ನನಗೇನೂ ಇಲ್ಲ ಮಾರಾಯ್ತಿ, ನಿನ್ನ ಅಮ್ಮನ ಕೈಯದ್ದು ನಾನೇ ಬೇಕಾದರೆ ತಿಂದೇನು. ಆದರೆ ಜನ ಒಪ್ಪುವುದಿಲ್ಲವಲ್ಲ, ನಾನು ಎಂತ ಮಾಡಲಿ?"

ಸಂಗಮ್ಮ ಹಾಳೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಹರಿದಾಸನ ಹತ್ತಿರ ಹೋಗಿ, ನಿನ್ನ ಮಾತೇ ಖರೆ ಆಯಿತು ಅಂದಳು. ಅವನು ಕುಣಿದಾಡಲಿಲ್ಲ. ಕಲ್ಲಿನ ರಾಶಿಯ ಹಿಂದೆ ಹೂತಿಟ್ಟಿದ್ದ ಡಬ್ಬಿ ತೋರಿಸಿದ. ಸಂಘ ಬಂದ ದಿನವೇ ಬಚ್ಚಿಟ್ಟ ಹಿಟ್ಟು, ಕೆಂಪು ಜೋಳದ್ದು.

ಅಧ್ಯಕ್ಷರು ಹನ್ನೊಂದು ಗಂಟೆಗೆ ಬಂದರು. ಬಿಳಿ ಜುಬ್ಬ, ಬಿಳಿ ಧೋತರ. ಕೂಲಿಗಳನ್ನು ಸಾಲಾಗಿ ಕೂರಿಸಿದ್ದರು. ಎಲ್ಲರೂ ಅನ್ನದಾತನನ್ನು ಹರಸಿದರು. ಅಧ್ಯಕ್ಷರು ಕಣ್ಣು ಮುಚ್ಚಿ ಹರಕೆ ಪಡೆದುಕೊಂಡರು. ಸಾಲಿನ ಕೊನೆಯಲ್ಲಿ, ಬಿಸಿಲಿನಲ್ಲಿ, ಖಾಲಿ ತಟ್ಟೆಯ ಹಿಂದೆ ನಾಗಮ್ಮ ಕೂತಿದ್ದಳು. ಅವಳನ್ನು ಅಲ್ಲಿ ಕೂರಲು ಒಪ್ಪಿಸಿದವಳು ಸಂಗಮ್ಮ. ಇವತ್ತು ಒಂದು ದಿನ ಕೂಡ್ರವ್ವ ಅಂದಿದ್ದಳು.

ಸಂಗಮ್ಮನ ಹೆಸರು ಕರೆದರು. ಅವಳು ಕಂಬದ ಹತ್ತಿರ ಹೋಗಿ ನಿಂತು ಹಾಳೆ ಬಿಚ್ಚಿ ಮೊದಲ ಸಾಲು ಓದಿದಳು. "ನಮ್ಮ ಪಾಲಿನ ದೇವರಾಗಿ ಬಂದ ಪೂಜ್ಯರೇ." ಅಧ್ಯಕ್ಷರು ತಲೆದೂಗಿದರು. ಎಂಥ ಸ್ಪಷ್ಟ ಉಚ್ಚಾರ ಎಂದು ಪಕ್ಕದವರಿಗೆ ಹೇಳಿದರು. ಸಂಗಮ್ಮ ಹಾಳೆಯನ್ನು ಮಡಚಿದಳು. ಮೇಲೆ ಕೈ ಚಾಚಿ ಕಂಬದಿಂದ ಹಂಚನ್ನು ಎಳೆದಳು. ಒಂದು ಮೊಳೆ ಕಿತ್ತಿತು, ಇನ್ನೊಂದು ಬರಲಿಲ್ಲ. ಹರಿದಾಸ ಸುತ್ತಿಗೆ ತಂದು ಅದನ್ನೂ ಕಿತ್ತ.

"ಇದು ನಮ್ಮ ಅವ್ವನ ಹಂಚು," ಅಂದಳು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ರತ್ನಾಕರ ಅಡ್ಡ ಬಂದ. ಅವಳ ರಟ್ಟೆ ಹಿಡಿಯಲು ಕೈ ಚಾಚಿದ. ಚಾಚಿದ ಕೈ ಅವಳನ್ನು ಮುಟ್ಟುವ ಮುಂಚೆ ಗಾಳಿಯಲ್ಲೇ ನಿಂತಿತು. ಎಲ್ಲರೂ ನೋಡಿದರು. ಜಾತಿ ನಂಬದವನ ಕೈ ಗೇಣು ದೂರದಲ್ಲಿ ನಿಂತದ್ದನ್ನು ಅಧ್ಯಕ್ಷರೂ ನೋಡಿದರು, ಕಾಶಿಬಾಯಿಯೂ ನೋಡಿದಳು. ಸಂಗಮ್ಮ ಆ ಕೈಯ ಕೆಳಗಿನಿಂದಲೇ ಹಾದು ಹೋದಳು.

ಮೂರು ಕಲ್ಲು ಹೂಡಿ ಒಲೆ ಮಾಡಲು ಎಷ್ಟು ಹೊತ್ತು? ಅಲ್ಲಿ ಕಲ್ಲಿಗೇನು ಬರ. ಚಪ್ಪರದ ಎದುರಿಗೇ ಬೆಂಕಿ ಹತ್ತಿತು. ಹಂಚು ಏರಿತು. ಬಣ್ಣ ಮೊದಲು ಗುಳ್ಳೆ ಎದ್ದಿತು, ಆಮೇಲೆ ಕಪ್ಪಾಯಿತು. ಸಂಘದ ಹೆಸರು ಸುರುಟಿಕೊಂಡು ಉರಿಯಿತು. ಕಪ್ಪು ಹೊಗೆ ಚಪ್ಪರದೊಳಗೆ ನುಗ್ಗಿತು. ಅಧ್ಯಕ್ಷರು ಕೆಮ್ಮಿದರು, ಬಿಳಿ ಜುಬ್ಬದ ಮೇಲೆ ಮಸಿ ಕೂತಿತು. ಈ ಮಂದಿಗೆ ಕೃತಜ್ಞತೆಯೇ ಇಲ್ಲ ಎಂದು ರತ್ನಾಕರ ಕನ್ನಡದಲ್ಲಿ ಅಂದ. ಹಿಟ್ಟಿನ ಚೀಲಗಳನ್ನು, ಕಾವಲಿಯನ್ನು ಜೀಪಿಗೆ ಹೇರಿಸಿದ. ಸೇವೆ ಅಲ್ಲಿಗೆ ಮುಗಿಯಿತು. ಸಾಲಿನಲ್ಲಿದ್ದವರು ಅರ್ಧ ತಿಂದ ರೊಟ್ಟಿ ಹಿಡಿದು ನೋಡುತ್ತ ಕೂತರು.

ಸಂಗಮ್ಮ ಖಡಿಯ ಪುಡಿ ಹಾಕಿ ಹಂಚನ್ನು ಕರಕರ ಉಜ್ಜಿದಳು. ನಾಗಮ್ಮ ಬಿಸಿಲಿನಿಂದ ಎದ್ದು ಬಂದಳು. ಎಸರಿಟ್ಟು, ಗಂಜಿ ಕಾಯಿಸಿ, ಹಿಟ್ಟು ನಾದಿ ಒಂಬತ್ತು ಬೆರಳುಗಳಲ್ಲಿ ಮೊದಲ ರೊಟ್ಟಿ ಬಡಿದಳು. ಹಂಚಿನಿಂದ ತೆಗೆದು ಮೂಸಿದಳು. ಬಣ್ಣದ ವಾಸನೆ.

"ಇದರಾಗ ಅವರ ಹೆಸರದ," ಅಂದಳು. "ಅವರಿಗೇ ಕೊಟ್ಟು ಬಾ."

ಸಂಗಮ್ಮ ರೊಟ್ಟಿ ಹಿಡಿದು ಜೀಪಿನ ಹತ್ತಿರ ಹೋದಳು. ಅವ್ವನ ಕೈಯದ್ದು ಬೇಕಾದರೆ ತಿಂದೇನು ಅಂದಿದ್ದಿರಲ್ಲ, ತಿನ್ನಿ ಎಂದು ರತ್ನಾಕರನ ಮುಂದೆ ಹಿಡಿದಳು. ಅವನು ನೇರ ಮುಂದಕ್ಕೆ ನೋಡುತ್ತ ಕೂತ. ಅವಳು ಅದನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟಳು. ಜೀಪು ಹೊರಟಿತು. ತಿರುವಿನಲ್ಲಿ ರೊಟ್ಟಿ ಜಾರಿ ರಸ್ತೆಗೆ ಬಿತ್ತು.

ನೂರ ನಲವತ್ತು ಜನ ಅದನ್ನು ನೋಡಿದರು. ಬರಗಾಲದಲ್ಲಿ ಒಂದು ಇಡೀ ರೊಟ್ಟಿ ಹಾಡುಹಗಲು ರಸ್ತೆಯ ಮೇಲೆ ಬಿದ್ದಿತ್ತು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಒಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

ಜೀಪು ಹೋದ ಮೇಲೆ, ಹಂಚನ್ನು ಇನ್ನೊಮ್ಮೆ ಉಜ್ಜಿ ಹಾಕಿದ ಎರಡನೆಯ ರೊಟ್ಟಿ ಬೆಂದಾಗ ಒಲೆಯ ಮುಂದೆ ಕೂತಿದ್ದವರು ಏಳೇ ಜನ. ನಾಗಮ್ಮ ರೊಟ್ಟಿ ಹಿಡಿದು ಕಾಯ್ದಳು. ಕಾಶಿಬಾಯಿ ಚಪ್ಪರದ ಕೆಳಗಿನಿಂದ ಎದ್ದು ಬಂದಳು. ಈ ಸಲ ತಲೆ ಎತ್ತಿಯೇ ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಕೈ ಚಾಚಿದಳು. ನಾಗಮ್ಮ ಕೂಡಲೇ ಕೊಡಲಿಲ್ಲ. ಆ ಚಾಚಿದ ಕೈಯನ್ನು ಒಂದು ಗಳಿಗೆ ಹಾಗೆಯೇ ಇರಿಸಿ ನೋಡಿದಳು. ಆಮೇಲೆ ರೊಟ್ಟಿ ಮುರಿದಳು, ಅರ್ಧ ತನ್ನ ಬಾಯಿಗೆ ಹಾಕಿಕೊಂಡಳು. ಎರಡು ದಿನದ ಮೇಲೆ ಅವಳ ಮೊದಲ ತುತ್ತು ಅದು. ಉಳಿದರ್ಧವನ್ನು ಆ ಕೈಯೊಳಗೆ ಒತ್ತಿ ಇಟ್ಟಳು. ಮೇಲಿನಿಂದ ಬಿಡಲಿಲ್ಲ.